ಊರಿನ ಆಲೆಮನೆಗೆ ತಕ್ಕ ಕಬ್ಬು

ಮಂಡ್ಯ ಜಿಲ್ಲೆಯ ನಾಲಾ ಬಯಲಿನಲ್ಲಿ ಕಬ್ಬು ಬೆಳೆಯುವ ರೈತನ ಮುಂದೆ ಎರಡು ಬಾಗಿಲುಗಳಿವೆ. ಒಂದು ಸಕ್ಕರೆ ಕಾರ್ಖಾನೆಯದು, ಇನ್ನೊಂದು ಆಲೆಮನೆಯದು. ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಮೊದಲನೆಯ ಬಾಗಿಲು ದೊಡ್ಡದಾಯಿತು. ಆದರೂ ಎರಡನೆಯದು ಮುಚ್ಚಲಿಲ್ಲ. ಕಾರ್ಖಾನೆಯ ಕಟಾವು ಅನುಮತಿ ತಡವಾದಾಗ, ಕೈಗೆ ಬೇಗ ಹಣ ಬೇಕಾದಾಗ, ಅರ್ಧ ಎಕರೆಯ ಕಬ್ಬಿಗೆ ಲಾರಿ ಬಾರದಿದ್ದಾಗ ರೈತ ಹೋಗುತ್ತಿದ್ದುದು ಊರ ಪಕ್ಕದ ಆಲೆಮನೆಗೇ. ಮಂಡ್ಯದ ಕಾರ್ಖಾನೆ ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಆರಂಭವಾಯಿತು. ಪಾಂಡವಪುರದ ಸಹಕಾರಿ ಕಾರ್ಖಾನೆಯೂ ಕೆಲಕಾಲ ನಿಂತು 2020ರಲ್ಲಿ ಗುತ್ತಿಗೆಗೆ ಹೋಯಿತು. ಆ ನಡುವಿನ ವರ್ಷಗಳಲ್ಲಿ ಎಷ್ಟೋ ಕಬ್ಬು ಗದ್ದೆಯಲ್ಲೇ ಒಣಗದೆ ಉಳಿದದ್ದು ಆಲೆಮನೆಗಳಿಂದ ಎಂಬುದನ್ನು ಆ ಭಾಗದ ರೈತರು ಬಲ್ಲರು.

ಹೀಗಿದ್ದರೂ ಆಲೆಮನೆಗಳ ಸಂಖ್ಯೆ ಇಳಿಯುತ್ತ ಬಂದಿದೆ. ಹೊಗೆಗೂಡು ಮಾತ್ರ ನಿಂತಿದ್ದು ಒಳಗೆ ಎಮ್ಮೆ ಕಟ್ಟಿರುವ ಆಲೆಮನೆಗಳನ್ನು ನಾಲೆಯ ಉದ್ದಕ್ಕೂ ಕಾಣಬಹುದು. ಕೂಲಿಯ ಅಭಾವ, ಪಾಕ ಬಲ್ಲವರ ಅಭಾವ, ಬೆಲ್ಲದ ಧಾರಣೆಯ ಏರಿಳಿತ ಇವು ಸಾಮಾನ್ಯವಾಗಿ ಕೇಳಿಬರುವ ಕಾರಣಗಳು. ಇವೆಲ್ಲವೂ ನಿಜವೇ. ಪರಿಹಾರವೆಂದರೆ ಸಹಾಯಧನ ಎಂದು ಸಭೆಗಳಲ್ಲಿ ಹೇಳಲಾಗುತ್ತದೆ. ಸಹಾಯಧನ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಬೇಸಾಯ ಶಾಸ್ತ್ರದವನಾಗಿ ನಾನು ನೋಡಿರುವಂತೆ ಆಲೆಮನೆಯ ಲಾಭ ನಷ್ಟಗಳಲ್ಲಿ ದೊಡ್ಡ ಪಾಲು ಕೊಪ್ಪರಿಗೆಯ ಮುಂದೆ ತೀರ್ಮಾನವಾಗುವುದಿಲ್ಲ. ಅದಕ್ಕೆ ಎಂಟು ಹತ್ತು ತಿಂಗಳು ಮುಂಚೆಯೇ ಗದ್ದೆಯಲ್ಲಿ ತೀರ್ಮಾನವಾಗಿರುತ್ತದೆ. ಕೆಟ್ಟ ಕಬ್ಬಿನಿಂದ ಒಳ್ಳೆಯ ಬೆಲ್ಲ ತೆಗೆಯುವ ಕೈ ಇನ್ನೂ ಹುಟ್ಟಿಲ್ಲ.

ಲೆಕ್ಕ ನೋಡೋಣ

2025-26ರ ಹಂಗಾಮಿಗೆ ಕೇಂದ್ರ ಸರ್ಕಾರವು ಕಾರ್ಖಾನೆಗಳಿಗೆ ನಿಗದಿ ಮಾಡಿದ ಕಬ್ಬಿನ ದರ, ಶೇಕಡ 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3550 ರೂಪಾಯಿ. ಇದರಲ್ಲಿ ಕಟಾವು ಮತ್ತು ಸಾಗಣೆಯ ಖರ್ಚು ರೈತನ ಲೆಕ್ಕದಿಂದ ಕಳೆಯುವುದು ನಮ್ಮಲ್ಲಿ ವಾಡಿಕೆ. ಆಲೆಮನೆಯವನಿಗೆ ಈ ದರದ ಕಟ್ಟುಪಾಡಿಲ್ಲ. ಅಲ್ಲಿ ದರ ಮಾತಿನ ಮೇಲೆ ನಿಲ್ಲುತ್ತದೆ. ಆದರೂ ಹೋಲಿಕೆಗಾಗಿ ಆತನೂ 3550 ರೂಪಾಯಿಯನ್ನೇ ಕೊಟ್ಟನೆಂದು ಇಟ್ಟುಕೊಳ್ಳಿ. ಒಂದು ಟನ್ ಕಬ್ಬಿನಿಂದ 100 ಕಿಲೋ ಬೆಲ್ಲ ಬಂದರೆ ಪ್ರತಿ ಕಿಲೋ ಬೆಲ್ಲದಲ್ಲಿ ಕಬ್ಬಿನ ಬೆಲೆಯೇ 35 ರೂಪಾಯಿ 50 ಪೈಸೆ. ಅದೇ ಟನ್ನಿಗೆ 120 ಕಿಲೋ ಬಂದರೆ 29 ರೂಪಾಯಿ 60 ಪೈಸೆಯಷ್ಟು. ಎರಡಕ್ಕೂ ನಡುವೆ ಕಿಲೋಗೆ ಸುಮಾರು 6 ರೂಪಾಯಿ ಅಂತರ. ಕೂಲಿ, ಸುಣ್ಣ, ವಿದ್ಯುತ್ತು, ಬಾಡಿಗೆ ಎಲ್ಲ ಎರಡು ಕಡೆಯೂ ಒಂದೇ. ಧಾರಣೆ ಕುಸಿದ ವಾರದಲ್ಲಿ ಈ 6 ರೂಪಾಯಿಯೇ ಆಲೆಮನೆ ನಡೆಯುವುದಕ್ಕೂ ಒಲೆ ಆರುವುದಕ್ಕೂ ಇರುವ ವ್ಯತ್ಯಾಸ.

ಟನ್ನಿಗೆ 100 ಕಿಲೋ ಏಕೆ, 120 ಕಿಲೋ ಏಕೆ? ರಸದ ಸಾಂದ್ರತೆ ಒಂದು ಕಾರಣ. ಬ್ರಿಕ್ಸ್ ಎಂದು ನಾವು ಕರೆಯುವ ಅಳತೆ 17 ಇದ್ದರೆ ನೂರು ಕಿಲೋ ರಸದಲ್ಲಿ ಕರಗಿರುವ ಘನ ಪದಾರ್ಥ 17 ಕಿಲೋ ಎಂದರ್ಥ. ಉಳಿದ 83 ಕಿಲೋ ನೀರು. ಆ ನೀರನ್ನೆಲ್ಲ ಸಿಪ್ಪೆ ಉರಿಸಿ ಆವಿ ಮಾಡಬೇಕು. ಬ್ರಿಕ್ಸ್ 21 ಇದ್ದರೆ ಬೆಲ್ಲ ಹೆಚ್ಚು, ಉರುವಲು ಕಡಿಮೆ. ಎಳೆಯ ಕಬ್ಬನ್ನು ಅರೆಯುವ ಆಲೆಮನೆಯಲ್ಲಿ ತನ್ನ ಸಿಪ್ಪೆ ಸಾಲದೆ ಸೌದೆ ಕೊಳ್ಳಬೇಕಾಗುತ್ತದೆ. ಹಳೆಯ ಟೈರು ಉರಿಸುವ ಕೆಟ್ಟ ಪದ್ಧತಿ ಕೆಲವೆಡೆ ಹೊಕ್ಕಿರುವುದಕ್ಕೂ ಇದು ಒಂದು ಮೂಲ. ಹೊಗೆಯ ಬಗ್ಗೆ ಊರವರು ದೂರುವಾಗ ಈ ಮಾತೂ ನೆನಪಿರಲಿ.

ಗಾಣದ ರೋಲರುಗಳದು ಇನ್ನೊಂದು ಕಾರಣ. ವಿದ್ಯುತ್ತಿನ ಗಾಣ ಒಳ್ಳೆಯ ಸ್ಥಿತಿಯಲ್ಲಿದ್ದರೆ ಕಬ್ಬಿನ ತೂಕದ ಶೇಕಡ 65ರಷ್ಟು ರಸ ತೆಗೆಯಬಲ್ಲದು. ಹಲ್ಲು ಸವೆದು ರೋಲರುಗಳ ನಡುವಿನ ಸಂದು ಹೆಚ್ಚಾದರೆ ಇದು 60ಕ್ಕೆ ಇಳಿಯುತ್ತದೆ. ಟನ್ನಿಗೆ 50 ಕಿಲೋ ರಸ ಸಿಪ್ಪೆಯಲ್ಲೇ ಉಳಿಯಿತು. ಬೆಲ್ಲದ ಲೆಕ್ಕದಲ್ಲಿ ಅದು ಸುಮಾರು 8 ಕಿಲೋ. ದಿನಕ್ಕೆ 5 ಟನ್ ಅರೆಯುವ ಕಡೆ ದಿನವೊಂದಕ್ಕೆ 40 ಕಿಲೋ ಬೆಲ್ಲವನ್ನು ಒಲೆಗೆ ಹಾಕಿದಂತೆ! ರೋಲರಿಗೆ ಹಲ್ಲು ತೆಗೆದು ಕೊಡುವ ಹೋಬಳಿಯ ಲೇತ್ ಅಂಗಡಿಯವರ ಬೆಲೆ ಇಷ್ಟು. ಅಂತಹ ಅಂಗಡಿ ಮುಚ್ಚಿದರೆ ರೋಲರನ್ನು ಬೆಂಗಳೂರಿಗೋ ಮೈಸೂರಿಗೋ ಒಯ್ಯಬೇಕು, ಗಾಣ ಅಷ್ಟು ದಿನ ನಿಲ್ಲಬೇಕು. ಆಲೆಮನೆ ಒಂದು ಉದ್ಯಮವಾದರೂ ಅದರ ಬೆನ್ನಿಗೆ ನಾಲ್ಕೈದು ಸಣ್ಣ ಕಸುಬುಗಳಿವೆ: ಲೇತ್ ಕೆಲಸ, ಒಲೆ ಕಟ್ಟುವವರ ಕೆಲಸ, ಮರದ ಅಚ್ಚು ಕೊರೆಯುವ ಬಡಗಿಯ ಕೆಲಸ, ಕೊಪ್ಪರಿಗೆ ಬೆಸೆಯುವ ಕೆಲಸ. ಒಂದು ಹೋದರೆ ಇನ್ನೊಂದು ನಿಲ್ಲುವುದು ಕಷ್ಟ.

ಯೂರಿಯಾ ಮತ್ತು ಬೆಲ್ಲದ ಬಣ್ಣ

ಈಗ ಗದ್ದೆಯ ವಿಷಯಕ್ಕೆ ಬರೋಣ. ಕಾರ್ಖಾನೆಗೆ ಕಬ್ಬು ಬೆಳೆಯುವಾಗ ರೈತರ ಗಮನವೆಲ್ಲ ತೂಕದ ಮೇಲೆ. ತೂಕ ಬರಲೆಂದು ಯೂರಿಯಾ ಹೆಚ್ಚು ಹಾಕುತ್ತಾರೆ; ಐದಾರು ತಿಂಗಳಾದ ಮೇಲೂ, ಕಬ್ಬು ಹಳದಿಯಾಯಿತೆಂದು, ನೀರಿನೊಂದಿಗೆ ಮತ್ತೊಂದು ಕೈ ಎರಚುತ್ತಾರೆ. ಕಾರ್ಖಾನೆಯಲ್ಲಿ ಇದರ ದೋಷ ನೂರಾರು ಟನ್ ಕಬ್ಬಿನ ನಡುವೆ ಮುಚ್ಚಿಹೋಗುತ್ತದೆ. ಆಲೆಮನೆಯಲ್ಲಿ ನಿಮ್ಮ ಕಬ್ಬೇ ಒಂದು ಕೊಪ್ಪರಿಗೆ. ದೋಷವೆಲ್ಲ ಅಚ್ಚಿನಲ್ಲಿ ಕಣ್ಣಿಗೆ ಕಾಣುತ್ತದೆ.

ಕಬ್ಬಿನ ರಸದಲ್ಲಿರುವ ಮುಖ್ಯ ಸಕ್ಕರೆಯೇ ಬೆಲ್ಲಕ್ಕೆ ಗಟ್ಟಿತನವನ್ನೂ ಹರಳನ್ನೂ ಕೊಡುವುದು. ಇದು ಒಡೆದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗುತ್ತವೆ. ಇವು ಸಿಹಿಯೇನೋ ಹೌದು. ಆದರೆ ಗಾಳಿಯ ತೇವವನ್ನು ಹೀರುತ್ತವೆ, ಬೆಲ್ಲವನ್ನು ಅಂಟಂಟು ಮಾಡುತ್ತವೆ, ಕಾಯಿಸುವಾಗ ಬೇಗ ಕಂದುತ್ತವೆ. ತಡವಾಗಿ ಸಾರಜನಕ ಪಡೆದ ಕಬ್ಬು ಬಲಿಯುವುದನ್ನು ಮುಂದೂಡುತ್ತದೆ. ಅದರಲ್ಲಿ ಈ ಸರಳ ಸಕ್ಕರೆ ಹೆಚ್ಚು, ಸಾರಜನಕಯುಕ್ತ ಪದಾರ್ಥಗಳೂ ಹೆಚ್ಚು. ಇವೆರಡೂ ಬಿಸಿಯಲ್ಲಿ ಕೂಡಿಕೊಂಡು ಕಪ್ಪು ಬಣ್ಣ ತರುತ್ತವೆ. ಬಿದ್ದ ಕಬ್ಬಿನಲ್ಲಿಯೂ ಹುಳು ತಿಂದ ಕಬ್ಬಿನಲ್ಲಿಯೂ ಆಗುವುದು ಹೆಚ್ಚು ಕಡಿಮೆ ಇದೇ.

ದಕ್ಷಿಣದ ನೀರಾವರಿ ಪ್ರದೇಶದಲ್ಲಿ ಕಬ್ಬಿಗೆ ಶಿಫಾರಸು ಮಾಡಿರುವುದು ಹೆಕ್ಟೇರಿಗೆ 250 ಕಿಲೋ ಸಾರಜನಕ, 100 ಕಿಲೋ ರಂಜಕ, 125 ಕಿಲೋ ಪೊಟ್ಯಾಷ್. ಎಕರೆಗೆ ಸಾರಜನಕ 100 ಕಿಲೋ ಆಯಿತು. ಅಷ್ಟನ್ನೂ ಯೂರಿಯಾದಲ್ಲೇ ಕೊಟ್ಟರೂ 45 ಕಿಲೋ ತೂಕದ ಚೀಲ ಐದನ್ನು ಮೀರುವುದಿಲ್ಲ. ಸಂಯುಕ್ತ ಗೊಬ್ಬರ ಹಾಕಿದ್ದರೆ ಅದರಲ್ಲಿರುವ ಸಾರಜನಕವನ್ನು ಕಳೆಯಬೇಕು. ಇದನ್ನು ಕಂತುಗಳಲ್ಲಿ ಕೊಟ್ಟು, ಮಣ್ಣು ಏರಿಸುವ ಹೊತ್ತಿಗೆ, ಎಂದರೆ ಸುಮಾರು ನಾಲ್ಕನೆಯ ತಿಂಗಳೊಳಗೆ, ಮುಗಿಸಿಬಿಡಬೇಕು. ಬೆಲ್ಲಕ್ಕೆಂದು ಬೆಳೆಯುವ ಕಬ್ಬಿಗೆ ಆಮೇಲೆ ಯೂರಿಯಾದ ಚೀಲವನ್ನು ಬಿಚ್ಚಲೇಬಾರದು. ಪೊಟ್ಯಾಷನ್ನು ಮಾತ್ರ ಬಿಡಬೇಡಿ. ಸಕ್ಕರೆ ಎಲೆಯಿಂದ ಕಾಂಡಕ್ಕೆ ಇಳಿಯುವುದರಲ್ಲಿ ಅದರ ಪಾತ್ರ ದೊಡ್ಡದು. ಬೆಲೆ ಹೆಚ್ಚಾಯಿತೆಂದು ಮೊದಲು ಕೈ ಬಿಡುವುದು ಅದನ್ನೇ ಎಂಬುದು ಬೇಸರದ ಸಂಗತಿ.

ಜೌಗು ಮತ್ತು ಚೌಳು ಭೂಮಿಯ ಕಬ್ಬಿನ ಬೆಲ್ಲಕ್ಕೆ ಉಪ್ಪಿನ ರುಚಿ ಬರುತ್ತದೆ, ಮಳೆಗಾಲದಲ್ಲಿ ಅದು ಬೆವರುತ್ತದೆ. ಇಂತಹ ಗದ್ದೆಯ ಕಬ್ಬನ್ನು ಕಾರ್ಖಾನೆಗೆ ಕೊಡುವುದೇ ಲೇಸು.

ತಳಿಯ ವಿಚಾರ. ಮಂಡ್ಯ ಭಾಗದಲ್ಲಿ ಬಹುಕಾಲದಿಂದ ಬೇರೂರಿರುವ ಸಿ.ಓ. 62175 ತೂಕಕ್ಕೆ ಹೆಸರಾದುದು, ಆದರೆ ಬಲಿಯಲು ನಿಧಾನ; ಇದನ್ನು ಅವಸರದಲ್ಲಿ ಕಡಿದರೆ ಬೆಲ್ಲ ಕೆಡುತ್ತದೆ. ಸಿ.ಓ. 86032 ಬೆಲ್ಲಕ್ಕೂ ಸಕ್ಕರೆಗೂ ಒಪ್ಪುವ ತಳಿ. ಸಿ.ಓ.ಸಿ. 671 ಬೇಗ ಬಲಿಯುವ, ಸಿಹಿ ಹೆಚ್ಚಿರುವ ತಳಿ, ಒಳ್ಳೆಯ ಬಣ್ಣದ ಬೆಲ್ಲ ಕೊಡುತ್ತದೆ. ಆದರೆ ಕೆಂಪು ಕೊಳೆ ರೋಗಕ್ಕೆ ತುತ್ತಾಗುವುದರಿಂದ ಬಿತ್ತನೆ ತುಂಡುಗಳನ್ನು ನೋಡಿ ಆರಿಸಬೇಕು. ವಿ.ಸಿ. ಫಾರಂನಿಂದ ಬಂದಿರುವ ವಿ.ಸಿ.ಎಫ್. 0517 ತಳಿಯನ್ನೂ ಈಗ ರೈತರು ಬೆಳೆಯುತ್ತಿದ್ದಾರೆ. ಒಂದೇ ತಳಿಯನ್ನು ಊರಿಗೆ ಊರೇ ಹಾಕಿದರೆ ಎಲ್ಲವೂ ಒಟ್ಟಿಗೆ ಬಲಿಯುತ್ತದೆ. ಅದರಿಂದ ಆಗುವ ತೊಂದರೆಯನ್ನು ಮುಂದೆ ಹೇಳುತ್ತೇನೆ.

ಕಡಿಯುವ ದಿನ

ಕಬ್ಬು ಬಲಿತಿದೆಯೇ ಎಂಬುದನ್ನು ತಿಂಗಳು ಎಣಿಸಿ ಹೇಳುವುದಕ್ಕಿಂತ ಕೈ ರಿಫ್ರಾಕ್ಟೋಮೀಟರಿನಿಂದ ನೋಡಿ ಹೇಳುವುದು ಉತ್ತಮ. ಇದು ಪೆನ್ನಿಗಿಂತ ಸ್ವಲ್ಪ ದಪ್ಪನಾದ ಕೊಳವೆಯಂತಹ ಉಪಕರಣ. ಒಂದೆರಡು ತೊಟ್ಟು ರಸವನ್ನು ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ಒಳಗಿನ ಅಂಕಿ ಓದಬಹುದು. ಗದ್ದೆಯ ಅಂಚನ್ನು ಬಿಟ್ಟು ಒಳಗಿನಿಂದ, ಬೇರೆ ಬೇರೆ ಕಡೆ ಹತ್ತು ಹನ್ನೆರಡು ಕೋಲು ಆರಿಸಿ, ಬುಡದ ಗಣ್ಣಿನ ರಸವನ್ನೂ ತುದಿಯ ಗಣ್ಣಿನ ರಸವನ್ನೂ ಬೇರೆ ಬೇರೆ ನೋಡಬೇಕು. ಬ್ರಿಕ್ಸ್ 20 ದಾಟಿ, ಬುಡಕ್ಕೂ ತುದಿಗೂ ಅಂತರ ಹೆಚ್ಚು ಉಳಿದಿಲ್ಲವಾದರೆ ಕಬ್ಬು ಬಲಿತಿದೆ. ಬುಡದಲ್ಲಿ 21, ತುದಿಯಲ್ಲಿ 14 ಇದ್ದರೆ ಇನ್ನೂ ಕಾಯಬೇಕು. ಪ್ರತಿ ಓದಿನ ನಂತರ ಗಾಜನ್ನು ಶುದ್ಧ ನೀರಿನಿಂದ ತೊಳೆದು ಒರೆಸಲು ಮರೆಯಬಾರದು. ಊರಿಗೆ ಒಂದು ಉಪಕರಣವಿದ್ದರೆ ಸಾಕು. ಹಾಲಿನ ಸಂಘದವರು ಹಾಲಿನ ಜಿಡ್ಡು ನೋಡಿ ದರ ಕೊಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕಬ್ಬಿಗೆ ಏಕೆ ಆಗಬಾರದು?

ಕಟಾವಿಗೆ ಹತ್ತು ಹದಿನೈದು ದಿನ ಮುಂಚೆ ನೀರು ನಿಲ್ಲಿಸಬೇಕು. ಒಣ ತರಗು ಬಿಡಿಸಿ, ನೆಲಕ್ಕೆ ಸಮವಾಗಿ ಕಡಿದು, ತುದಿಯ ಎಳೆಯ ಗಣ್ಣುಗಳನ್ನು ಸೋಗೆಯೊಂದಿಗೆ ತೆಗೆದುಬಿಡಬೇಕು. ತೂಕ ಹೋಗುತ್ತದೆಂದು ತುದಿಯನ್ನೂ ಗಾಣಕ್ಕೆ ಕೊಡುವುದು ರೈತನಿಗೆ ಲಾಭವೆಂದು ಕಾಣಬಹುದು. ಆ ನಾಲ್ಕು ಗಣ್ಣಿನ ಹಸಿ ರಸ ಇಡೀ ಕೊಪ್ಪರಿಗೆಯ ಬಣ್ಣ ಕೆಡಿಸುತ್ತದೆ. ಕಡಿದ ಕಬ್ಬು ಅದೇ ದಿನ, ಹೆಚ್ಚೆಂದರೆ ಮರುದಿನದೊಳಗೆ ಅರೆಯಬೇಕು. ಬಿಸಿಲಿನಲ್ಲಿ ಮೂರು ದಿನ ಬಿದ್ದ ಕಬ್ಬಿನಲ್ಲಿ ತೂಕವೂ ಹೋಗುತ್ತದೆ, ಸಕ್ಕರೆಯೂ ಒಡೆಯುತ್ತದೆ. ಆಲೆಮನೆಗೆ ಕಾರ್ಖಾನೆಗಿಂತ ಇರುವ ದೊಡ್ಡ ಅನುಕೂಲವೇ ಇದು: ಅದು ಗದ್ದೆಯ ಪಕ್ಕದಲ್ಲಿದೆ. ಆ ಅನುಕೂಲವನ್ನು ಕಳೆದುಕೊಂಡರೆ ಏನು ಉಳಿಯಿತು?

ಪಾಕ ಬಲ್ಲ ಕೈ

ಗದ್ದೆಯಿಂದ ಒಳ್ಳೆಯ ಕಬ್ಬು ಬಂದ ಮೇಲೆ ಆಟ ಪಾಕದವನದು. ರಸ ಸಹಜವಾಗಿಯೇ ಸ್ವಲ್ಪ ಹುಳಿ. ಹುಳಿ ಮತ್ತು ಬಿಸಿ ಸೇರಿದರೆ ಸಕ್ಕರೆ ಒಡೆಯುತ್ತದೆ. ಅದಕ್ಕೇ ಸುಣ್ಣದ ತಿಳಿ. ಕಡಿಮೆಯಾದರೆ ಬೆಲ್ಲ ಕಟ್ಟುವುದಿಲ್ಲ, ಹೆಚ್ಚಾದರೆ ಕಪ್ಪಾಗುತ್ತದೆ. ಬೆಂಡೆ ಗಿಡದ ಲೋಳೆ ಬಿಟ್ಟರೆ ಕಶ್ಮಲ ಮೇಲೆ ತೇಲಿ ಬರುತ್ತದೆ, ಅದನ್ನು ಕುದಿ ಏಳುವ ಮುನ್ನವೇ ತೆಗೆಯಬೇಕು. ನೊರೆ ಉಕ್ಕಿದಾಗ ನಾಲ್ಕು ಹನಿ ಹರಳೆಣ್ಣೆ. ಗಟ್ಟಿ ಬೆಲ್ಲಕ್ಕೆ ಪಾಕ ಇಳಿಸುವ ಉಷ್ಣತೆ 116ರಿಂದ 118 ಡಿಗ್ರಿ ಸೆಲ್ಸಿಯಸ್. ಮಲೆನಾಡಿನ ಜೋನಿ ಬೆಲ್ಲದಂತಹ ದ್ರವ ಬೆಲ್ಲಕ್ಕೆ 105-106 ಸಾಕು. ಪುಡಿ ಬೆಲ್ಲಕ್ಕೆ 120ನ್ನು ದಾಟಬೇಕು.

ಉಷ್ಣಮಾಪಕ ಇದ್ದರೆ ಕೆಲಸ ಸುಲಭ, ಆದರೆ ಅದೊಂದೇ ಸಾಲದು. ಕಬ್ಬು ಬದಲಾದಂತೆ ಹದ ಒಂದೆರಡು ಡಿಗ್ರಿ ಅತ್ತಿತ್ತ ಸರಿಯುತ್ತದೆ. ಅನುಭವಸ್ಥನು ಗುಳ್ಳೆಯ ಗಾತ್ರ, ಕುದಿಯ ಸದ್ದು ಇವನ್ನು ಗಮನಿಸುತ್ತಾನೆ. ತಣ್ಣೀರಿಗೆ ಒಂದು ಚಮಚ ಪಾಕ ಬಿಟ್ಟು ಬೆರಳಿನಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಎರಡು ನಿಮಿಷ ತಡವಾದರೆ ಸೀದು ಹೋಗುವ ಈ ಹದವನ್ನು ಪುಸ್ತಕದಿಂದ ಕಲಿಯಲಾಗದು. ನಾನೂ ಇಲ್ಲಿ ಬರೆಯಲಾರೆ.

ಈ ವಿದ್ಯೆ ಮನೆತನದಲ್ಲಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಮಕ್ಕಳು ಓದಿ ಬೆಂಗಳೂರಿಗೆ ಹೋದರು. ಒಲೆಯ ಮುಂದಿನ ಕೆಲಸ ಬೇಡವಾಯಿತು. ಇಂದು ಮಂಡ್ಯ ಸುತ್ತಿನ ಅನೇಕ ಆಲೆಮನೆಗಳಲ್ಲಿ ಪಾಕ ನೋಡುವವರು ಉತ್ತರ ಪ್ರದೇಶದಿಂದ ಬಂದ ತಂಡದವರು. ಅವರನ್ನು ಹೊರಗಿನವರೆಂದು ದೂರುವುದು ಸರಿಯಲ್ಲ. ಅವರು ಬಾರದಿದ್ದರೆ ಎಷ್ಟೋ ಒಲೆಗಳು ಆರಿರುತ್ತಿದ್ದವು. ಆದರೆ ಅವರು ಹಬ್ಬಕ್ಕೆ ಊರಿಗೆ ಹೋದ ವಾರ ಗಾಣ ನಿಲ್ಲುತ್ತದೆ ಎಂದಾದರೆ ಆ ಉದ್ಯಮ ನಮ್ಮ ಊರಿನದು ಎಂದು ಹೇಳುವುದು ಹೇಗೆ? ಪ್ರತಿ ಆಲೆಮನೆಯೂ ಹಂಗಾಮಿಗೆ ಊರಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪೂರ್ತಿ ಕೂಲಿ ಕೊಟ್ಟು ಪಾಕದವರ ಪಕ್ಕ ನಿಲ್ಲಿಸಬೇಕು. ಮೂರು ದಿನದ ತರಬೇತಿಯಲ್ಲಿ ಇದು ಬರುವುದಿಲ್ಲ, ನಾವು ನಡೆಸುವ ತರಬೇತಿಗಳನ್ನೂ ಸೇರಿಸಿ ಹೇಳುತ್ತಿದ್ದೇನೆ. ಎಳೆಯ ಕಬ್ಬು, ಬಲಿತ ಕಬ್ಬು, ಕೂಳೆ ಕಬ್ಬು, ಮಳೆಯಲ್ಲಿ ನೆನೆದ ಕಬ್ಬು ಎಲ್ಲವೂ ಕೊಪ್ಪರಿಗೆಗೆ ಬೀಳುವುದನ್ನು ಒಂದು ಹಂಗಾಮು ಕಾಣಬೇಕು.

ಕಲಿಯುವವರ ಕೈಗೆ ಒಂದು ಲೆಕ್ಕದ ಪುಸ್ತಕವನ್ನೂ ಕೊಡಿ. ದಿನಾಂಕ, ಯಾರ ಗದ್ದೆ, ತಳಿ, ನಾಟಿಯೋ ಕೂಳೆಯೋ, ತಿಂಗಳು, ಬ್ರಿಕ್ಸ್, ಕಬ್ಬಿನ ತೂಕ, ಪಾಕ ಇಳಿಸಿದ ಉಷ್ಣತೆ, ಬೆಲ್ಲದ ತೂಕ, ಮಂಡಿಯಲ್ಲಿ ಸಿಕ್ಕ ಧಾರಣೆ. ಪ್ರತಿ ಕೊಪ್ಪರಿಗೆಗೆ ಒಂದು ಸಾಲು. ಎರಡು ವರ್ಷದಲ್ಲಿ ಆ ಪುಸ್ತಕ ಯಾರ ಗದ್ದೆಯ ಕಬ್ಬಿಗೆ ಎಷ್ಟು ಕೊಡಬಹುದೆಂದು ತಾನೇ ಹೇಳುತ್ತದೆ.

ಬಿಳಿಚಿದ ಬೆಲ್ಲ

"ಬಣ್ಣ ಇಲ್ದಿದ್ರೆ ಮಂಡೀಲಿ ಕಣ್ಣೆತ್ತಿ ನೋಡೋರಿಲ್ಲ ಸಾರ್" ಎಂದು ಆಲೆಮನೆಯವರು ಹೇಳುವುದುಂಟು. ಮಾತು ಸುಳ್ಳಲ್ಲ. ಕೆಟ್ಟ ಕಬ್ಬಿನ ಕಪ್ಪು ರಸಕ್ಕೆ ಹೈಡ್ರಾಸ್ ಎಂಬ ರಾಸಾಯನಿಕ ಹಾಕಿದರೆ ಬೆಲ್ಲ ಹಳದಿಯಾಗಿ ಕಾಣುತ್ತದೆ. ಕೆಲವರು ಅಗ್ಗದ ಸಕ್ಕರೆಯನ್ನೂ ಸೇರಿಸುತ್ತಾರೆ. ಹೈಡ್ರಾಸಿನ ಬಣ್ಣ ನಿಲ್ಲುವಂಥದಲ್ಲ. ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ, ರುಚಿ ಕೆಡುತ್ತದೆ, ದಾಸ್ತಾನಿನಲ್ಲಿ ಬಣ್ಣ ಮತ್ತೆ ಕಂದುತ್ತದೆ. ಇದರಿಂದ ಹೆಚ್ಚಿನ ಹಾನಿಯಾದದ್ದು ಶುದ್ಧವಾಗಿ ಮಾಡುವವನಿಗೆ. ಅವನ ಕಂದು ಬೆಲ್ಲ ಕಳಪೆಯೆಂದು ಎಣಿಕೆಯಾಗಿ, ಕಷ್ಟಪಟ್ಟು ಕಲಿತ ಕೈಗೆ ಬೆಲೆಯೇ ಇಲ್ಲದಂತಾಯಿತು. ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ಎಕರೆಗಟ್ಟಲೆ ಕಬ್ಬು ಬೆಳೆಯುವವರ ಅಡಿಗೆಮನೆಯ ಡಬ್ಬಿಯಲ್ಲಿಯೂ ಪೇಟೆಯಿಂದ ತಂದ ಬಿಳಿಚಿದ ಬೆಲ್ಲವೇ ಇರುತ್ತದೆ. ಊರಿನ ಆಲೆಮನೆಯ ಮೊದಲನೆಯ ಗಿರಾಕಿ ಆ ಊರೇ ಆಗದಿದ್ದರೆ ಬೆಂಗಳೂರಿನವರು ಏಕೆ ಆಗಬೇಕು?

ಇಪ್ಪತ್ತೈದು ಎಕರೆಯ ಒಪ್ಪಂದ

ದಿನಕ್ಕೆ 5 ಟನ್ ಅರೆಯುವ ಆಲೆಮನೆ ವರ್ಷದಲ್ಲಿ 200 ದಿನ ನಡೆಯಲು 1000 ಟನ್ ಕಬ್ಬು ಬೇಕು. ಎಕರೆಗೆ 40 ಟನ್ ಇಳುವರಿ ಎಂದುಕೊಂಡರೆ 25 ಎಕರೆ. ನಮ್ಮ ಹಿಡುವಳಿಗಳ ಲೆಕ್ಕದಲ್ಲಿ ಇಪ್ಪತ್ತು ಮೂವತ್ತು ಕುಟುಂಬಗಳು ಸೇರಿದರೆ ಒಂದು ಆಲೆಮನೆ ನಿಂತೀತು. ಆದರೆ ಆ 25 ಎಕರೆಯೂ ಒಂದೇ ತಿಂಗಳಲ್ಲಿ ನಾಟಿಯಾಗಿದ್ದರೆ ಪ್ರಯೋಜನವಿಲ್ಲ. ಹದಿನೈದು ದಿನಕ್ಕೆ ಎರಡು ಎಕರೆಯಂತೆ ಮುಂದಕ್ಕೆ ಮುಂದಕ್ಕೆ ನಾಟಿ ಮಾಡಿ, ಬೇಗ ಬಲಿಯುವ ತಳಿಯನ್ನು ಮೊದಲ ಕಟಾವಿಗೂ ತಡವಾಗಿ ಬಲಿಯುವುದನ್ನು ಕೊನೆಯ ಕಟಾವಿಗೂ ಇಟ್ಟುಕೊಳ್ಳಬೇಕು. ಮಳೆಗಾಲದ ತಿಂಗಳುಗಳಲ್ಲಿ ಬೆಲ್ಲ ಒಣಗುವುದಿಲ್ಲವಾದ್ದರಿಂದ ಆಗ ಗಾಣವನ್ನು ನಿಲ್ಲಿಸಿ ರೋಲರಿನ ರಿಪೇರಿ, ಒಲೆಯ ರಿಪೇರಿ ಮಾಡಿಸಿಕೊಳ್ಳುವುದು ಒಳ್ಳೆಯದು.

ದರದ ಮಾತು ನಾಟಿಯ ಹೊತ್ತಿಗೇ ಆಗಲಿ, ಬ್ರಿಕ್ಸ್ ಆಧಾರದ ಮೇಲೆ ಆಗಲಿ. 20ಕ್ಕೆ ಒಂದು ದರ, ಮೇಲೆ ಪ್ರತಿ ಅಂಕಿಗೂ ಇಷ್ಟು ಹೆಚ್ಚು, 18ಕ್ಕಿಂತ ಕೆಳಗೆ ಕಡಿಯುವುದೇ ಇಲ್ಲ. ಮಾತು ಎರಡು ಕಡೆಯಿಂದಲೂ ನಿಲ್ಲಬೇಕು. ಕಾರ್ಖಾನೆಯ ದರ ಏರಿದೊಡನೆ ಕಬ್ಬನ್ನು ಅತ್ತ ಹೊರಡಿಸುವ ರೈತ, ಧಾರಣೆ ಬಿದ್ದೊಡನೆ ಹಣ ತಡೆಹಿಡಿಯುವ ಆಲೆಮನೆಯವ, ಇಬ್ಬರೂ ನನಗೆ ಗೊತ್ತು. ಕಾರ್ಖಾನೆಯಾದರೆ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವಿದೆ. ಆಲೆಮನೆಯ ವ್ಯವಹಾರಕ್ಕೆ ಅಂತಹ ಆಸರೆ ಇಲ್ಲದ್ದರಿಂದ ಕಾಗದದ ಮೇಲೆ ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ.

ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಆರಿಸಿದ ಉತ್ಪನ್ನ ಬೆಲ್ಲವೇ. ಘಟಕದ ವೆಚ್ಚದ ಶೇಕಡ 35ರಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಸಾಲಕ್ಕೆ ಹೊಂದಿಕೊಂಡ ಸಹಾಯಧನವನ್ನು ಅದರಲ್ಲಿ ಇಡಲಾಯಿತು. ಈಗಿನ ನಿಯಮಗಳನ್ನು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು. ಹಣ ಬಂದರೆ ಮೊದಲು ರೋಲರು, ಒಲೆ, ಸೋಸುವ ವ್ಯವಸ್ಥೆ, ನೆಲಕ್ಕೆ ಕಲ್ಲುಹಾಸು ಇವನ್ನು ಸರಿಪಡಿಸಿ. ಪೊಟ್ಟಣ ಕಟ್ಟುವ ಯಂತ್ರ ಆಮೇಲೆ ಬರಲಿ. ಪುಡಿ ಬೆಲ್ಲಕ್ಕೆ ಗಟ್ಟಿ ಬೆಲ್ಲಕ್ಕಿಂತ ಒಳ್ಳೆಯ ಕಬ್ಬು ಬೇಕು, ಒಣಗಿಸಲು ಜಾಗ ಬೇಕು. ಎಲ್ಲರೂ ಅದಕ್ಕೆ ಕೈ ಹಾಕಬೇಕಾಗಿಲ್ಲ.

ರಿಫ್ರಾಕ್ಟೋಮೀಟರ್ ನೋಡುವ ಕ್ರಮವನ್ನು ಕಲಿಯಬೇಕೆನ್ನುವವರು ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರವನ್ನೋ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನೋ ವಿಚಾರಿಸಬಹುದು. ಬರುವಾಗ ಅದೇ ದಿನ ಬೆಳಗ್ಗೆ ಕಡಿದ ನಾಲ್ಕು ಕಬ್ಬನ್ನು ಬುಡದಿಂದ ತುದಿಯವರೆಗೆ ಇಡಿಯಾಗಿ ತನ್ನಿ, ತುಂಡು ಮಾಡಬೇಡಿ. ಜೊತೆಗೆ ನಾಟಿ ಮಾಡಿದ ತಾರೀಖನ್ನೂ ಕೊನೆಯ ಸಲ ಯೂರಿಯಾ ಹಾಕಿದ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ.